ಗಡೀಪಾರಾದ ಮೇಲೆ ಮತ್ತೆ ಅಮೆರಿಕಕ್ಕೆ ಹೋಗಿ ಜೈಲಾದರೆ: ಶಿಕ್ಷೆಯ ವಿರುದ್ಧ ಅಪೀಲು ಹೋಗುವುದು ಹೇಗೆ?

ಅಮೆರಿಕದಿಂದ ಒಮ್ಮೆ ಗಡೀಪಾರಾದವರು ಅಲ್ಲಿನ ಸರ್ಕಾರದ ಅನುಮತಿ ಇಲ್ಲದೆ ಮತ್ತೆ ಒಳಗೆ ಹೋದರೆ ಅದು ಬರೀ ವೀಸಾ ತಕರಾರಾಗಿ ಉಳಿಯುವುದಿಲ್ಲ. ಫೆಡರಲ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಕ್ರಿಮಿನಲ್ ಕೇಸ್ ಆಗುತ್ತದೆ. ವಕೀಲರು, ಜಡ್ಜ್, ಜೈಲಿನವರು ಎಲ್ಲರೂ ಇದನ್ನು ಕರೆಯುವುದು ‘1326’ ಎಂದೇ. ಅದು ಅಲ್ಲಿನ ಕಾನೂನು ಸಂಹಿತೆಯ 8ನೇ ಭಾಗದ ಸೆಕ್ಷನ್ ನಂಬರು. ಗಡಿ ದಾಟಿದರೂ ಅಪರಾಧ, ದಾಟಲು ಯತ್ನಿಸಿದರೂ ಅಪರಾಧ, ವರ್ಷಗಳ ನಂತರ ಎಲ್ಲೋ ಒಂದು ಊರಲ್ಲಿ ಸಿಕ್ಕಿಬಿದ್ದರೂ ಅಪರಾಧ.

ಈ ಕೇಸುಗಳಲ್ಲಿ ಹೆಚ್ಚಿನವು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದವರದ್ದು. ಆದರೂ ನಮ್ಮವರಿಗೆ ಇದು ದೂರದ ಮಾತೇನಲ್ಲ. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಹೊತ್ತ ಅಮೆರಿಕದ ಮಿಲಿಟರಿ ವಿಮಾನ ಅಮೃತಸರದಲ್ಲಿ ಇಳಿದಿದ್ದು ನೆನಪಿರಬೇಕು. ಹಾಗೆ ಬಂದವರ ಮನೆ ಬಾಗಿಲಿಗೆ ‘ಇನ್ನೊಂದ್ಸಲ ಕಳಿಸ್ತೀವಿ, ಈ ಸಲ ಬೇರೆ ದಾರಿ’ ಎನ್ನುವ ಏಜೆಂಟ್ ಬಂದರೆ ಆಶ್ಚರ್ಯವಿಲ್ಲ. ಅವನು ಹೇಳದೆ ಬಿಡುವ ವಿಷಯವೇ ಈ 1326. ಬೆರಳಚ್ಚು ಒಮ್ಮೆ ಕೊಟ್ಟ ಮೇಲೆ ಹೊಸ ಪಾಸ್‌ಪೋರ್ಟ್ ಇದ್ದರೂ ಹಳೇ ಗಡೀಪಾರು ಆರ್ಡರ್ ಹೊರಗೆ ಬಂದೇ ಬರುತ್ತದೆ.

ನಿಮ್ಮ ಕಡೆಯವರು ಯಾರೋ ಹೀಗೆ ಸಿಕ್ಕಿಬಿದ್ದು, ಶಿಕ್ಷೆಯೂ ಆಗಿ, ಜೈಲಿನಿಂದ ಫೋನ್ ಮಾಡಿ ‘ಅಪೀಲು ಹಾಕ್ಬಹುದಾ?’ ಎಂದು ಕೇಳಿದರೆ ಏನು ಮಾಡಬೇಕು ಎಂಬುದು ಈ ಲೇಖನ. ಇದನ್ನು ಓದಿ ವಕೀಲರನ್ನು ಬಿಟ್ಟುಬಿಡಬೇಡಿ. ವಕೀಲರಿಗೆ ಸರಿಯಾದ ಪ್ರಶ್ನೆ ಕೇಳಲು ಇದು ಸಹಾಯ ಮಾಡಿದರೆ ಸಾಕು.

ಮೊದಲೇ ಒಂದು ಮಾತು. ಅಪೀಲು ಕೋರ್ಟ್ ಕಥೆ ಕೇಳುವುದಿಲ್ಲ. ಮಕ್ಕಳು ಅಲ್ಲಿದ್ದಾರೆ, ಸಾಲ ತೀರಿಸಬೇಕಿತ್ತು, ಊರಲ್ಲಿ ಬದುಕಲಾಗಲಿಲ್ಲ ಎಂಬುದನ್ನೆಲ್ಲ ಶಿಕ್ಷೆ ಕೊಡುವ ಜಡ್ಜ್ ಮುಂದೆ ಹೇಳಬೇಕಿತ್ತು. ಕೆಳಗಿನ ಕೋರ್ಟು ಲೆಕ್ಕದಲ್ಲಿ ಅಥವಾ ಕ್ರಮದಲ್ಲಿ ಎಲ್ಲಿ ತಪ್ಪಿತು ಎಂದು ದಾಖಲೆಯಲ್ಲಿ ಬೆರಳಿಟ್ಟು ತೋರಿಸಿದರೆ ಮಾತ್ರ ಮೇಲಿನವರು ಕೇಳುತ್ತಾರೆ.

ಮೊದಲು ಯಾವ ಕೇಸು ಎಂದು ತಿಳಿದುಕೊಳ್ಳಿ

ಒಬ್ಬರ ಮೇಲೆ ಎರಡು ಬೇರೆ ವ್ಯವಹಾರ ನಡೆಯುತ್ತಿರುತ್ತದೆ. ಒಂದು ಕ್ರಿಮಿನಲ್ ಕೇಸು, ಅದು ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ. ಇನ್ನೊಂದು ದೇಶದಿಂದ ಹೊರಗೆ ಹಾಕುವ ಇಮಿಗ್ರೇಷನ್ ವಿಷಯ, ಅದಕ್ಕೆ ಬೇರೆ ಅಧಿಕಾರಿಗಳು, ಬೇರೆ ದಾರಿ. ಊರಿನಿಂದ ದುಡ್ಡು ಹೊಂದಿಸಿ ಇಮಿಗ್ರೇಷನ್ ವಕೀಲರನ್ನು ಹಿಡಿದು, ಅವರು ಕ್ರಿಮಿನಲ್ ಅಪೀಲು ಮಾಡುವವರೇ ಅಲ್ಲ ಎಂದು ಆಮೇಲೆ ಗೊತ್ತಾಗುವುದು ಬೇಡ. ಶಿಕ್ಷೆಯ ಅಪೀಲಿಗೆ ಫೆಡರಲ್ ಕ್ರಿಮಿನಲ್ ಅಪೀಲು ಗೊತ್ತಿರುವವರೇ ಬೇಕು.

ಅಪೀಲು ಯಾವ ಕೋರ್ಟಿಗೆ ಹೋಗುತ್ತದೆ ಎಂಬುದು ಊರಿನ ಮೇಲೆ ನಿಂತಿದೆ. ಟೆಕ್ಸಸ್‌ನಲ್ಲಿ ಶಿಕ್ಷೆಯಾದರೆ ನ್ಯೂ ಆರ್ಲಿಯನ್ಸ್‌ನಲ್ಲಿರುವ 5ನೇ ಸರ್ಕ್ಯೂಟ್. ಅರಿಝೋನ, ಕ್ಯಾಲಿಫೋರ್ನಿಯಾ ಆದರೆ ಸ್ಯಾನ್ ಫ್ರಾನ್ಸಿಸ್ಕೊದ 9ನೇ ಸರ್ಕ್ಯೂಟ್. ನ್ಯೂ ಮೆಕ್ಸಿಕೊ ಆದರೆ ಡೆನ್ವರ್‌ನ 10ನೇ ಸರ್ಕ್ಯೂಟ್. ಕಾನೂನು ಒಂದೇ ಆದರೂ ಕೆಲವು ವಿಷಯಗಳಲ್ಲಿ ಸರ್ಕ್ಯೂಟ್‌ನಿಂದ ಸರ್ಕ್ಯೂಟ್‌ಗೆ ರೂಢಿ ಬೇರೆ. ‘ನಮ್ಮ ಪರಿಚಯದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಹೀಗಾಯ್ತು’ ಎಂಬ ಮಾತು ಟೆಕ್ಸಸ್ ಕೇಸಿಗೆ ಹೊಂದಲೇಬೇಕೆಂದಿಲ್ಲ.

ಕೇಸ್ ನಂಬರ್ ಬರೆದಿಟ್ಟುಕೊಳ್ಳಿ. ಅದು ಇದ್ದರೆ ಪೇಸರ್ ಎಂಬ ಕೋರ್ಟಿನ ಆನ್‌ಲೈನ್ ವ್ಯವಸ್ಥೆಯಲ್ಲಿ ಕೇಸಿನ ದಿನಚರಿಯನ್ನು ಇಲ್ಲಿಂದಲೇ ನೋಡಬಹುದು. ಪುಟಕ್ಕೆ 10 ಸೆಂಟ್. ಒಂದು ದಾಖಲೆಗೆ 3 ಡಾಲರ್‌ಗಿಂತ ಜಾಸ್ತಿ ಆಗುವುದಿಲ್ಲ. ಮೂರು ತಿಂಗಳಿಗೆ 30 ಡಾಲರ್ ಒಳಗಿದ್ದರೆ ಆ ದುಡ್ಡೂ ಬಿಟ್ಟುಬಿಡುತ್ತಾರೆ.

14 ದಿನ. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ

ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ತೀರ್ಪು ಕೋರ್ಟಿನ ದಾಖಲೆಯಲ್ಲಿ ನಮೂದಾದ ದಿನದಿಂದ 14 ದಿನದೊಳಗೆ ‘ನೋಟಿಸ್ ಆಫ್ ಅಪೀಲ್’ ಎಂಬ ಕಾಗದ ಸಲ್ಲಬೇಕು. ಸಲ್ಲಬೇಕಾದ್ದು ಶಿಕ್ಷೆ ಕೊಟ್ಟ ಡಿಸ್ಟ್ರಿಕ್ಟ್ ಕೋರ್ಟಿನ ಕ್ಲರ್ಕ್ ಆಫೀಸಿಗೆ, ಮೇಲಿನ ಕೋರ್ಟಿಗಲ್ಲ. ಜಡ್ಜ್ ಬಾಯಲ್ಲಿ ಶಿಕ್ಷೆ ಹೇಳಿದ ದಿನಕ್ಕೂ ಅದು ಬರಹದಲ್ಲಿ ನಮೂದಾಗುವ ದಿನಕ್ಕೂ ಕೆಲವೊಮ್ಮೆ ಅಂತರ ಇರುತ್ತದೆ. ಲೆಕ್ಕ ನಮೂದಾದ ದಿನದ್ದು, ಆದರೆ ಅದನ್ನು ನಂಬಿ ಕಾಯಬೇಡಿ. ಬಾಯಲ್ಲಿ ಹೇಳಿದ ಮಾರನೇ ದಿನವೇ ಹಾಕಿದರೂ ನಡೆಯುತ್ತದೆ. ಬೇಗ ಹಾಕಿದ್ದಕ್ಕೆ ಯಾರೂ ತಿರಸ್ಕರಿಸುವುದಿಲ್ಲ.

ಶನಿವಾರ, ಭಾನುವಾರ ಎಲ್ಲವೂ ಎಣಿಕೆಗೆ ಬರುತ್ತವೆ. ಕೊನೆಯ ದಿನ ರಜೆ ಬಿದ್ದರೆ ಮಾತ್ರ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ.

ಕಾಗದ ಒಂದೇ ಪುಟದ್ದು. ಯಾರು ಅಪೀಲು ಹೋಗುತ್ತಿದ್ದಾರೆ, ಯಾವ ತೀರ್ಪಿನ ವಿರುದ್ಧ, ಯಾವ ಅಪೀಲು ಕೋರ್ಟಿಗೆ, ಇಷ್ಟೇ. ‘ಈ ಕೇಸಿನ ಆರೋಪಿಯಾದ ನಾನು, ಇಂಥ ದಿನ ದಾಖಲಾದ ತೀರ್ಪು ಮತ್ತು ಶಿಕ್ಷೆಯ ವಿರುದ್ಧ 5ನೇ ಸರ್ಕ್ಯೂಟ್ ಅಪೀಲು ಕೋರ್ಟಿಗೆ ಅಪೀಲು ಸಲ್ಲಿಸುತ್ತಿದ್ದೇನೆ’ ಎಂಬ ಅರ್ಥದ ಒಂದು ವಾಕ್ಯ ಇಂಗ್ಲಿಷಿನಲ್ಲಿ ಬರೆದು, ಕೇಸ್ ನಂಬರ್ ಹಾಕಿ, ಸಹಿ ಮಾಡಿದರೆ ಆಯಿತು. ಯಾಕೆ, ಏನು ತಪ್ಪು ಎಂಬ ವಾದ ಇದರಲ್ಲಿ ಬೇಡ. ಅದಕ್ಕೆ ಆಮೇಲೆ ಸಮಯ ಇದೆ.

ಹಾಕುವವರು ಯಾರು? ಸಾಮಾನ್ಯವಾಗಿ ಕೆಳಗಿನ ಕೋರ್ಟಿನಲ್ಲಿದ್ದ ವಕೀಲರೇ. ಒಳಗಿರುವವರು ವಕೀಲರಿಗೆ ‘ಅಪೀಲು ಹಾಕಿ’ ಎಂದು ಸ್ಪಷ್ಟವಾಗಿ ಹೇಳಬೇಕು, ಸಾಧ್ಯವಾದರೆ ಬರೆದು ಕೊಡಬೇಕು. ‘ನೋಡೋಣ ಸರ್’ ಎಂದರೆ ಅದು ಹೇಳಿದ ಹಾಗಾಗುವುದಿಲ್ಲ. ಶಿಕ್ಷೆ ಕೊಟ್ಟ ಮೇಲೆ ಜಡ್ಜ್ ಅಪೀಲಿನ ಹಕ್ಕಿನ ಬಗ್ಗೆ ಹೇಳಬೇಕು. ಆರೋಪಿ ಕೇಳಿಕೊಂಡರೆ ಕ್ಲರ್ಕೇ ನೋಟಿಸ್ ತಯಾರಿಸಿ ದಾಖಲಿಸಬೇಕು. ಈ ಸೌಲಭ್ಯ ಇದೆ ಎಂದು ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಕೋರ್ಟ್ ಹಾಲ್‌ನಲ್ಲೇ ಬಾಯಿ ಬಿಟ್ಟು ಕೇಳಿದರೆ ಮುಗಿಯಿತು.

ವಕೀಲರು ಫೋನ್ ಎತ್ತುತ್ತಿಲ್ಲವೇ? ಒಳಗಿನಿಂದಲೇ ಹಾಕಬಹುದು. ಜೈಲಿನ ಕಾನೂನು ಅಂಚೆಗೆ 14 ದಿನದೊಳಗೆ ಕೊಟ್ಟರೆ, ಅದು ಕೋರ್ಟಿಗೆ ತಲುಪುವುದು ತಡವಾದರೂ ಸಮಯಕ್ಕೆ ಸರಿಯಾಗಿ ಹಾಕಿದಂತೆಯೇ ಲೆಕ್ಕ. 1988ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹಾಗೆ ಹೇಳಿತು, ಈಗ ಅದು ನಿಯಮವೇ ಆಗಿದೆ. ಆದರೆ ಇಂಥ ದಿನ ಅಂಚೆಗೆ ಕೊಟ್ಟೆ, ಅಂಚೆ ವೆಚ್ಚ ಕಟ್ಟಿದೆ ಎಂಬ ಪ್ರಮಾಣದ ಚೀಟಿ ಜೊತೆಗಿಡಬೇಕು. ಮನೆಯವರು ಅವರ ಪರವಾಗಿ ಸಹಿ ಹಾಕಿ ಕಳಿಸುವುದು ಬೇಡ. ಅಣ್ಣನಾಗಲಿ ಹೆಂಡತಿಯಾಗಲಿ ವಕೀಲರಲ್ಲದಿದ್ದರೆ ಆ ಸಹಿಗೆ ಬೆಲೆ ಇಲ್ಲ.

14 ದಿನ ದಾಟಿಹೋಗಿದ್ದರೆ ಸಕಾರಣ ಕೊಟ್ಟು ಇನ್ನೂ 30 ದಿನದವರೆಗೆ ಸಮಯ ಕೇಳಬಹುದು. ಕೊಡುವುದು ಬಿಡುವುದು ಜಡ್ಜ್ ಇಷ್ಟ. ವಕೀಲರಿಗೆ ಹೇಳಿದ್ದರೂ ಅವರು ಹಾಕಲಿಲ್ಲ ಎಂದಾದರೆ ಅದು ಬೇರೆಯೇ ದೂರು, ಅದಕ್ಕೆ ಆಮೇಲೆ ಬರುತ್ತೇನೆ.

ದುಡ್ಡಿನ ಮಾತು

ಅಪೀಲಿನ ಶುಲ್ಕ 605 ಡಾಲರ್. ಆದರೆ ಕೆಳಗಿನ ಕೋರ್ಟಿನಲ್ಲಿ ಸರ್ಕಾರ ಕೊಟ್ಟ ವಕೀಲರೇ ಇದ್ದರೆ ಇದನ್ನು ಕಟ್ಟಬೇಕಿಲ್ಲ. ಫೆಡರಲ್ ಪಬ್ಲಿಕ್ ಡಿಫೆಂಡರ್ ಅಥವಾ ಕೋರ್ಟು ನೇಮಿಸಿದ ಖಾಸಗಿ ವಕೀಲರು ಅಪೀಲಿಗೂ ಪುಕ್ಕಟೆಯಾಗಿ ಸಿಗುತ್ತಾರೆ. ವಿಚಾರಣೆಯ ಮಾತುಕತೆಯನ್ನು ಅಕ್ಷರಕ್ಕಿಳಿಸಿದ ಟ್ರಾನ್ಸ್‌ಕ್ರಿಪ್ಟ್‌ನ ಖರ್ಚೂ ಸರ್ಕಾರದ್ದೇ. ಅದನ್ನು ನೋಟಿಸ್ ಹಾಕಿದ 14 ದಿನದೊಳಗೆ ಆರ್ಡರ್ ಮಾಡಬೇಕು. ಶಿಕ್ಷೆಯ ದಿನದ್ದು ಮಾತ್ರ ಅಲ್ಲ, ತಪ್ಪೊಪ್ಪಿಕೊಂಡ ದಿನದ್ದೂ ಬೇಕು ಎಂದು ಹೇಳಿ.

ಹೀಗೆ ಸರ್ಕಾರ ಕೊಡುವ ಪುಕ್ಕಟೆ ವಕೀಲರೆಂದರೆ ನಮ್ಮವರಿಗೆ ಏನೋ ಅಸಡ್ಡೆ. ನನ್ನ ಅಭಿಪ್ರಾಯ ಕೇಳಿದರೆ, 1326 ಕೇಸುಗಳಲ್ಲಿ ಗಡಿ ಜಿಲ್ಲೆಗಳ ಪಬ್ಲಿಕ್ ಡಿಫೆಂಡರ್‌ಗಳಷ್ಟು ಪಳಗಿದವರು ಬೇರೆ ಸಿಗುವುದು ಕಷ್ಟ. ದಿನಾ ಅವರು ಮಾಡುವುದು ಇದನ್ನೇ. ಒಡವೆ ಅಡ ಇಟ್ಟು ದುಡ್ಡು ಕಳಿಸುವ ಮುಂಚೆ ಒಮ್ಮೆ ಯೋಚಿಸಿ.

ಸಹಿ ಹಾಕಿದ ಅಗ್ರಿಮೆಂಟ್‌ನಲ್ಲಿ ಏನಿದೆ?

ಈ ಕೇಸುಗಳಲ್ಲಿ ಬಹುಪಾಲು ಜನ ವಿಚಾರಣೆಗೆ ಹೋಗದೆ ತಪ್ಪೊಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡವರು ಸರ್ಕಾರದ ಪರ ವಾದಿಸುವ ಪ್ರಾಸಿಕ್ಯೂಟರ್ ಜೊತೆ ಪ್ಲೀ ಅಗ್ರಿಮೆಂಟ್‌ಗೆ ಸಹಿ ಹಾಕಿದ್ದಾರಾ, ಇಲ್ಲ ಯಾವ ಒಪ್ಪಂದವೂ ಇಲ್ಲದೆ ನೇರವಾಗಿ ಒಪ್ಪಿಕೊಂಡರಾ? ಇದು ಮೊದಲ ಪ್ರಶ್ನೆ. ಒಪ್ಪಂದ ಇಲ್ಲದಿದ್ದರೆ ಶಿಕ್ಷೆಯ ಮೇಲೆ ಅಪೀಲಿನ ಹಕ್ಕು ಪೂರ್ತಿ ಉಳಿದಿರುತ್ತದೆ.

ಗಡಿ ಜಿಲ್ಲೆಗಳಲ್ಲಿ ‘ಫಾಸ್ಟ್ ಟ್ರ್ಯಾಕ್’ ಎಂಬ ಪದ್ಧತಿ ಇದೆ. ಬೇಗ ಒಪ್ಪಿಕೊಂಡರೆ ಶಿಕ್ಷೆಯ ಲೆಕ್ಕದಲ್ಲಿ 4 ಹಂತದವರೆಗೂ ಕಡಿಮೆ ಮಾಡುತ್ತಾರೆ. ಬದಲಿಗೆ ‘ನಾನು ಅಪೀಲು ಹೋಗುವುದಿಲ್ಲ’ ಎಂದು ಬರೆಸಿಕೊಳ್ಳುವುದು ಸಾಮಾನ್ಯ. ಆ ಸಾಲು ಇದ್ದರೆ ಅಪೀಲು ಕಷ್ಟ. ಕಷ್ಟ ಎಂದೆ, ಅಸಾಧ್ಯ ಎನ್ನಲಿಲ್ಲ. ಬಿಟ್ಟುಕೊಟ್ಟಿದ್ದು ತಿಳಿದೂ ಒಪ್ಪಿಯೂ ಆಗಿರಬೇಕು. ಜಡ್ಜ್ ಆ ಷರತ್ತನ್ನು ಬಿಡಿಸಿ ಹೇಳಿ, ಅರ್ಥವಾಯಿತೇ ಎಂದು ಕೇಳಿರಬೇಕು. ಕಾನೂನಿನ ಗರಿಷ್ಠ ಮಿತಿ ಮೀರಿ ಶಿಕ್ಷೆ ಕೊಟ್ಟಿದ್ದರೆ ಆ ಸಾಲು ಸಾಮಾನ್ಯವಾಗಿ ತಡೆಯುವುದಿಲ್ಲ. ಪ್ರಾಸಿಕ್ಯೂಟರ್ ಒಪ್ಪಂದ ಮುರಿದಿದ್ದರೂ ಹಾಗೆಯೇ.

ಇಲ್ಲಿ ಭಾಷೆಯ ವಿಷಯ ಬರುತ್ತದೆ. ಇಂಗ್ಲಿಷ್ ಅರ್ಥವಾಗದವರಿಗೆ ಫೆಡರಲ್ ಕೋರ್ಟು ದುಭಾಷಿ ಒದಗಿಸಬೇಕು. ಬರೀ ಕನ್ನಡ ಬಲ್ಲವರಿಗೆ ಹಿಂದಿ ದುಭಾಷಿಯನ್ನು ಕೊಟ್ಟು, ಅವರು ಎಲ್ಲಕ್ಕೂ ‘ಹಾಂ ಜೀ’ ಎಂದು ತಲೆ ಆಡಿಸಿದ್ದರೆ ಅದು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬರೀ ‘ಯೆಸ್’ ಆಗಿ ಕೂತಿರುತ್ತದೆ. ಅಂದೇ ತಕರಾರು ಎತ್ತದಿದ್ದರೆ ಆಮೇಲೆ ಸಾಬೀತು ಮಾಡುವುದು ತುಂಬ ಕಷ್ಟ. ಕೇಸ್ ಇನ್ನೂ ನಡೆಯುತ್ತಿದ್ದರೆ ಈಗಲೇ ‘ನನಗೆ ಕನ್ನಡ ದುಭಾಷಿ ಬೇಕು’ ಎಂದು ಹೇಳಿಸಿ.

ಅಪೀಲು ಹೋಗಲ್ಲ ಎಂದು ಸಹಿ ಹಾಕಿದ್ದರೂ, ನೋಟಿಸ್ ಹಾಕಿ ಎಂದು ಹೇಳಿದರೆ ವಕೀಲರು ಹಾಕಲೇಬೇಕು. 2019ರ ಗಾರ್ಜಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತ ಮಾಡಿದೆ.

ತಪ್ಪು ಎಲ್ಲಿ ಹುಡುಕುವುದು?

ಅಪೀಲಿನ ಜೀವ ಇರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಕಾನೂನು ಗರಿಷ್ಠ ಮಿತಿ ಹಾಕಿದೆ. ಬರೀ ಮರುಪ್ರವೇಶ ಆದರೆ 2 ವರ್ಷ. ಗಡೀಪಾರಾಗುವ ಮುಂಚೆ ಫೆಲನಿ ಎನ್ನುವ ದೊಡ್ಡ ಅಪರಾಧದ ಶಿಕ್ಷೆ ಇದ್ದರೆ 10 ವರ್ಷ. ಆ ಅಪರಾಧ ‘ಅಗ್ರವೇಟೆಡ್ ಫೆಲನಿ’ ಪಟ್ಟಿಯಲ್ಲಿದ್ದರೆ 20 ವರ್ಷ. ತೀರ್ಪಿನ ಹಾಳೆಯಲ್ಲಿ ಯಾವ ಉಪಸೆಕ್ಷನ್ ಬರೆದಿದೆ ನೋಡಿ. 10 ವರ್ಷದ ಬಿ(1) ಎಂದು ಇರಬೇಕಾದ ಕಡೆ 20 ವರ್ಷದ ಬಿ(2) ಎಂದು ಬಿದ್ದಿದ್ದರೆ, ಜೈಲಿನ ತಿಂಗಳು ಬದಲಾಗದಿದ್ದರೂ ಸರಿಪಡಿಸಲು ಕೇಳುವುದು ಒಳ್ಳೆಯದು. ಆ ಹಣೆಪಟ್ಟಿ ಮುಂದೆ ಇಮಿಗ್ರೇಷನ್ ವಿಷಯದಲ್ಲಿ ಬೆನ್ನು ಬಿಡುವುದಿಲ್ಲ.

ಆ ಮಿತಿಯೊಳಗೆ ಎಷ್ಟು ತಿಂಗಳು ಎನ್ನುವುದನ್ನು ಗೈಡ್‌ಲೈನ್ಸ್ ಎಂಬ ಲೆಕ್ಕದ ಪುಸ್ತಕದ ಮೇಲೆ ಹಾಕುತ್ತಾರೆ. 2005ರಿಂದ ಜಡ್ಜ್ ಅದನ್ನು ಪಾಲಿಸಲೇಬೇಕು ಎಂದೇನಿಲ್ಲ. ಆದರೆ ಮೊದಲು ಅದರ ಲೆಕ್ಕ ಸರಿಯಾಗಿ ಹಾಕಲೇಬೇಕು. ಅದು ಅಪರಾಧವನ್ನು ಹಂತಗಳಲ್ಲಿ ಅಳೆಯುತ್ತದೆ, ಹಂತ ಏರಿದಷ್ಟೂ ತಿಂಗಳು ಜಾಸ್ತಿ. 1326ಕ್ಕೆ ಶುರುವಿನ ಹಂತ 8. ಹಿಂದೆ ಇದೇ ಮರುಪ್ರವೇಶದ ಫೆಲನಿ ಶಿಕ್ಷೆ ಆಗಿದ್ದರೆ 4 ಸೇರುತ್ತದೆ. ಗಡೀಪಾರಿಗೆ ಮುಂಚಿನ ಬೇರೆ ಫೆಲನಿಗೆ 5 ವರ್ಷ ಅಥವಾ ಜಾಸ್ತಿ ಶಿಕ್ಷೆಯಾಗಿದ್ದರೆ 10, 2 ವರ್ಷ ಅಥವಾ ಜಾಸ್ತಿ ಆದರೆ 8, 13 ತಿಂಗಳಿಗಿಂತ ಜಾಸ್ತಿ ಆದರೆ 6, ಉಳಿದ ಫೆಲನಿಗಳಿಗೆ 4. ಗಡೀಪಾರಾಗಿ ಬಂದ ಮೇಲೆ ಮಾಡಿದ ಅಪರಾಧಗಳಿಗೂ ಇಂಥದೇ ಇನ್ನೊಂದು ಪಟ್ಟಿ ಇದೆ. ಈ ಏರ್ಪಾಡು ಬಂದದ್ದು 2016ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ 16 ಹಂತದ ಏರಿಕೆಯ ಕಥೆಗಳನ್ನು ಇಂಟರ್‌ನೆಟ್‌ನಲ್ಲಿ ಓದಿ ಗಾಬರಿಯಾಗಬೇಡಿ.

ಒಂದು ಲೆಕ್ಕ ಹಾಕಿಯೇ ನೋಡೋಣ. ಒಬ್ಬರಿಗೆ ಗಡೀಪಾರಿಗೆ ಮುಂಚೆ ರಾಜ್ಯದ ಕೋರ್ಟಿನಲ್ಲಿ 2 ವರ್ಷ ಶಿಕ್ಷೆಯಾಗಿತ್ತು ಎಂದುಕೊಳ್ಳಿ. ಶಿಕ್ಷೆಗೆ ಮುಂಚೆ ಜಡ್ಜ್‌ಗೆ ವರದಿ ಬರೆದ ಪ್ರೊಬೇಷನ್ ಅಧಿಕಾರಿ 8 ಸೇರಿಸಿದರು. 8ಕ್ಕೆ 8 ಕೂಡಿದರೆ 16. ತಪ್ಪೊಪ್ಪಿಕೊಂಡಿದ್ದಕ್ಕೆ 3 ಕಳೆದರೆ 13. ಹಳೇ ಅಪರಾಧಗಳ ವರ್ಗ 3 ಆದರೆ ಕೋಷ್ಟಕ ಹೇಳುವುದು 18ರಿಂದ 24 ತಿಂಗಳು. ಈಗ ಹಳೇ ಕೇಸಿನ ಕಾಗದ ತೆಗೆದು ನೋಡಿದರೆ ಆ 2 ವರ್ಷದಲ್ಲಿ 8 ತಿಂಗಳನ್ನು ಕೋರ್ಟು ಅಮಾನತಿನಲ್ಲಿ ಇಟ್ಟಿತ್ತು. ಅಮಾನತಿನ ಭಾಗ ಲೆಕ್ಕಕ್ಕಿಲ್ಲ. ಉಳಿದದ್ದು 16 ತಿಂಗಳು. ಹಾಗಾಗಿ ಸೇರಬೇಕಾದ್ದು 6. ಮೊತ್ತ 14. ತಪ್ಪೊಪ್ಪಿಗೆಗೆ ಮೂರನೇ ಹಂತವನ್ನೂ ಕಳೆಯಬೇಕಾದರೆ ಮೊತ್ತ ಕನಿಷ್ಠ 16 ಇರಬೇಕು, ಇಲ್ಲಿ ಇಲ್ಲ, ಆದ್ದರಿಂದ ಕಳೆಯುವುದು ಎರಡೇ. 12. ಕೋಷ್ಟಕ ಈಗ ಹೇಳುವುದು 15ರಿಂದ 21 ತಿಂಗಳು. ಒಂದು ಹಳೇ ಕಾಗದದ ಒಂದು ಸಾಲಿನಿಂದ ಮೂರು ತಿಂಗಳು ಬದಲಾಯಿತು. ಹೆಚ್ಚಿನ ಗೆಲುವುಗಳು ಇಂಥ ಗಾತ್ರದವೇ.

ಇದಕ್ಕೆ ತದ್ವಿರುದ್ಧವೂ ಇದೆ. ಹಳೇ ಕೇಸಿನಲ್ಲಿ ಪ್ರೊಬೇಷನ್ ರದ್ದಾಗಿ ಮತ್ತೆ ಜೈಲು ಕೊಟ್ಟಿದ್ದರೆ ಆ ತಿಂಗಳುಗಳೂ ಕೂಡಿಕೊಳ್ಳುತ್ತವೆ.

ಇನ್ನೊಂದು ಜಾಗ, ಹಳೇ ಶಿಕ್ಷೆಯ ವಯಸ್ಸು. ಹಳೇ ಅಪರಾಧಗಳ ವರ್ಗ ತೀರ್ಮಾನಿಸಲು ಅಂಕ ಹಾಕುತ್ತಾರೆ, ಆ ಅಂಕ ಪಡೆಯುವ ಶಿಕ್ಷೆಗಳಿಗೆ ಮಾತ್ರ ಈ ಏರಿಕೆ ಸಲ್ಲುತ್ತದೆ. 13 ತಿಂಗಳಿಗಿಂತ ಜಾಸ್ತಿ ಇದ್ದ ಶಿಕ್ಷೆಗೆ 15 ವರ್ಷದ ಗಡುವು, ಅದಕ್ಕಿಂತ ಸಣ್ಣದಕ್ಕೆ 10 ವರ್ಷ. ಎಣಿಸುವುದು ಈಗಿನ ಅಪರಾಧ ಶುರುವಾದ ದಿನದಿಂದ ಹಿಂದಕ್ಕೆ. ದೊಡ್ಡ ಶಿಕ್ಷೆಯಾದರೆ ಆ 15 ವರ್ಷದೊಳಗೆ ಜೈಲಿನಲ್ಲಿದ್ದರೂ ಸಾಕು, ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಗಡಿ ದಾಟಿದ ದಿನ ಯಾವುದು ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ ಆಗಬಹುದು.

ಈ ಲೆಕ್ಕವೆಲ್ಲ ಇರುವುದು ಪಿಎಸ್‌ಆರ್ ಎಂಬ ವರದಿಯಲ್ಲಿ. ಶಿಕ್ಷೆಗೆ ಮುಂಚೆ ಪ್ರೊಬೇಷನ್ ಅಧಿಕಾರಿ ಇದನ್ನು ಬರೆಯುತ್ತಾರೆ. ಇದು ಗೋಪ್ಯ ದಾಖಲೆ, ಪೇಸರ್‌ನಲ್ಲಿ ಸಿಗುವುದಿಲ್ಲ. ಫೆಡರಲ್ ಜೈಲಿನಲ್ಲಿ ಕೈದಿಗಳು ಇದರ ಪ್ರತಿ ಇಟ್ಟುಕೊಳ್ಳುವಂತಿಲ್ಲ. ಮನೆಗೆ ಕಳಿಸಿ ಎಂದು ಒತ್ತಾಯ ಮಾಡಬೇಡಿ. ವಕೀಲರು ಅವರ ಜೊತೆ ಕೂತು ಓದಿ ಹೇಳಲಿ.

ಲೆಕ್ಕದ ಆಚೆಗೂ ನೋಡಬೇಕಾದ್ದಿದೆ. ಪಿಎಸ್‌ಆರ್ ಓದಿದ್ದೀರಾ ಎಂದು ಜಡ್ಜ್ ಕೇಳಿದರಾ? ಶಿಕ್ಷೆಗೆ ಮುಂಚೆ ಆರೋಪಿಗೆ ತಾನೇ ಮಾತಾಡಲು ಅವಕಾಶ ಕೊಟ್ಟರಾ? ಯಾಕೆ ಇಷ್ಟು ಶಿಕ್ಷೆ ಎಂದು ಕಾರಣ ಹೇಳಿದರಾ? ಬಾಯಲ್ಲಿ ಹೇಳಿದ್ದಕ್ಕೂ ಬರಹದ ತೀರ್ಪಿಗೂ ವ್ಯತ್ಯಾಸ ಇದೆಯಾ? ವ್ಯತ್ಯಾಸ ಇದ್ದರೆ ಸಾಮಾನ್ಯವಾಗಿ ಬಾಯಲ್ಲಿ ಹೇಳಿದ್ದೇ ನಿಲ್ಲುತ್ತದೆ. ಬಿಡುಗಡೆಯ ನಂತರದ ನಿಗಾ ಅವಧಿಯ ಷರತ್ತುಗಳಲ್ಲಿ ಈ ತಪ್ಪು ಆಗಾಗ ಸಿಗುತ್ತದೆ. ಅಂದ ಹಾಗೆ, ಗಡೀಪಾರಾಗುವುದು ಖಚಿತ ಇರುವವರಿಗೆ ಸಾಧಾರಣವಾಗಿ ನಿಗಾ ಅವಧಿ ಹಾಕಬೇಡಿ ಎಂದು ಗೈಡ್‌ಲೈನ್ಸೇ ಹೇಳುತ್ತದೆ. ಆದರೂ ಹಾಕುವ ಜಡ್ಜ್‌ಗಳಿದ್ದಾರೆ.

ಎಲ್ಲ ಸರಿ ಇದ್ದು ‘ಶಿಕ್ಷೆ ಜಾಸ್ತಿಯಾಯ್ತು’ ಎಂಬುದಷ್ಟೇ ದೂರಾದರೆ ಗೆಲ್ಲುವುದು ಬಲು ಅಪರೂಪ. ಗೈಡ್‌ಲೈನ್ಸ್ ಒಳಗಿನ ಶಿಕ್ಷೆ ಸಮಂಜಸ ಎಂದೇ 5ನೇ ಸರ್ಕ್ಯೂಟ್ ಮೊದಲು ಭಾವಿಸುತ್ತದೆ. 9ನೇ ಸರ್ಕ್ಯೂಟ್ ಹಾಗೆ ಭಾವಿಸುವುದಿಲ್ಲ, ಆದರೂ ಅಲ್ಲೂ ಇದು ಸುಲಭವಲ್ಲ.

ಅಂದು ತಕರಾರು ಎತ್ತಿದ್ದರಾ?

ವಕೀಲರು ಶಿಕ್ಷೆಯ ದಿನವೇ ‘ಈ ಲೆಕ್ಕ ತಪ್ಪು’ ಎಂದು ಹೇಳಿದ್ದರೆ ಅಪೀಲು ಕೋರ್ಟು ಪೂರ್ತಿ ಕಣ್ಣಿಟ್ಟು ನೋಡುತ್ತದೆ. ಹೇಳದಿದ್ದರೆ ‘ಪ್ಲೇನ್ ಎರರ್’ ಎಂಬ ಕಠಿಣ ಜರಡಿ. ತಪ್ಪು ಎದ್ದು ಕಾಣುವಂತಿರಬೇಕು, ಅದರಿಂದ ಫಲಿತಾಂಶಕ್ಕೆ ಪೆಟ್ಟು ಬಿದ್ದಿರಬೇಕು, ಬಿಟ್ಟುಬಿಟ್ಟರೆ ನ್ಯಾಯದ ಮರ್ಯಾದೆ ಹೋಗುವಂತಿರಬೇಕು.

ಈ ಜರಡಿಯನ್ನು ಸ್ವಲ್ಪ ಸಡಿಲ ಮಾಡಿದ ಎರಡು ಸುಪ್ರೀಂ ಕೋರ್ಟ್ ತೀರ್ಪುಗಳೂ ಟೆಕ್ಸಸ್‌ನ ಮರುಪ್ರವೇಶದ ಕೇಸುಗಳಿಂದಲೇ ಬಂದಿವೆ. 2016ರ ಮೊಲಿನಾ-ಮಾರ್ಟಿನೆಜ್ ಕೇಸಿನಲ್ಲಿ ಸರಿಯಾದ ಲೆಕ್ಕ 70ರಿಂದ 87 ತಿಂಗಳು ಇರಬೇಕಿತ್ತು. ಹಾಕಿದ್ದು 77ರಿಂದ 96. ಕೊಟ್ಟಿದ್ದು 77. ತಪ್ಪು ಲೆಕ್ಕ ಹಿಡಿದು ಶಿಕ್ಷೆ ಕೊಟ್ಟಿದ್ದೇ ಸಾಮಾನ್ಯವಾಗಿ ಪೆಟ್ಟು ಬಿದ್ದದ್ದಕ್ಕೆ ಸಾಕ್ಷಿ, ಬೇರೆ ಪುರಾವೆ ಬೇಡ ಎಂದಿತು ಕೋರ್ಟು. 2018ರ ರೊಸಾಲೆಸ್-ಮಿರೆಲೆಸ್ ಕೇಸಿನಲ್ಲಿ ಒಂದೇ ಹಳೇ ಶಿಕ್ಷೆಯನ್ನು ವರದಿಯಲ್ಲಿ ಎರಡು ಸಲ ಎಣಿಸಿಬಿಟ್ಟಿದ್ದರು. ಯಾರ ಕಣ್ಣಿಗೂ ಬೀಳಲಿಲ್ಲ. ಆರೋಪಿಗೆ 78 ತಿಂಗಳಾಯಿತು. ಇಂಥ ತಪ್ಪನ್ನು ಸಾಮಾನ್ಯವಾಗಿ ತಿದ್ದಲೇಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಹಾಗಾಗಿ ‘ಅಂದೇ ಹೇಳಲಿಲ್ಲ, ಇನ್ನು ಆಗಲ್ಲ’ ಎಂದು ಯಾರಾದರೂ ಕೈ ಚೆಲ್ಲಿದರೆ ಈ ಎರಡು ಹೆಸರು ಹೇಳಿ.

ಆದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಜಡ್ಜ್ ‘ಲೆಕ್ಕ ಹೇಗಿದ್ದರೂ ನಾನು ಇಷ್ಟೇ ಶಿಕ್ಷೆ ಕೊಡುತ್ತಿದ್ದೆ’ ಎಂದಿದ್ದರೆ ಸರ್ಕಾರದ ಪರ ವಕೀಲರು ಆ ಸಾಲನ್ನೇ ಹಿಡಿದುಕೊಳ್ಳುತ್ತಾರೆ.

ಇಲ್ಲಿ ಎತ್ತಿ ಫಲವಿಲ್ಲದ ವಾದಗಳು

‘ಮೊದಲ ಸಲ ಗಡೀಪಾರು ಮಾಡಿದ್ದೇ ತಪ್ಪು’ ಎಂಬುದು ತುಂಬ ಜನರ ವಾದ. ಅದಕ್ಕೆ ಕಾನೂನಿನಲ್ಲಿ ಜಾಗ ಇದೆ, ಆದರೆ ಮೂರು ಷರತ್ತು. ಆಗ ಇದ್ದ ಎಲ್ಲ ಮೇಲ್ಮನವಿ ದಾರಿಗಳನ್ನು ಬಳಸಿರಬೇಕು. ಕೋರ್ಟಿಗೆ ಹೋಗುವ ಅವಕಾಶ ತಪ್ಪಿಸಿರಬೇಕು. ಆ ಆದೇಶ ಮೂಲದಲ್ಲೇ ಅನ್ಯಾಯದ್ದಾಗಿರಬೇಕು. ಮೂರೂ ಬೇಕೇ ಬೇಕು ಎಂದು 2021ರ ಪಲೊಮಾರ್-ಸ್ಯಾಂಟಿಯಾಗೊ ತೀರ್ಪು ಹೇಳಿದೆ. ಅದೂ ತಪ್ಪೊಪ್ಪಿಕೊಳ್ಳುವ ಮುಂಚೆಯೇ ಎತ್ತಬೇಕು. ಷರತ್ತಿಲ್ಲದೆ ಒಪ್ಪಿಕೊಂಡ ಮೇಲೆ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿದಂತೆ.

ಹಳೇ ಅಪರಾಧವನ್ನು ಆರೋಪಪಟ್ಟಿಯಲ್ಲಿ ಬರೆಯದೆ ಶಿಕ್ಷೆ ಏರಿಸಿದರು ಎಂಬ ವಾದ 1998ರ ಅಲ್ಮೆಂಡರೆಝ್-ಟೊರೆಸ್ ತೀರ್ಪಿನಲ್ಲಿ ಸೋತಿದೆ. ಮುಂದೆ ಕಾನೂನು ಬದಲಾದೀತು ಎಂಬ ಆಸೆಯಿಂದ ವಕೀಲರು ಇದನ್ನು ಒಂದು ಪ್ಯಾರಾ ಬರೆದು ಇಟ್ಟಿರುತ್ತಾರೆ. ಅದನ್ನು ನೋಡಿ ‘ದೊಡ್ಡ ಪಾಯಿಂಟ್ ಸಿಕ್ಕಿದೆ’ ಎಂದು ಸುಮ್ನೆ ಆಸೆ ಕಟ್ಟಿಕೊಳ್ಳಬೇಡಿ.

ಇಮಿಗ್ರೇಷನ್ ಕಸ್ಟಡಿಯಲ್ಲಿ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯಲಿಲ್ಲ ಎಂಬ ದೂರು ಜೈಲು ಇಲಾಖೆಯ ಅರ್ಜಿ ಪದ್ಧತಿಯಲ್ಲಿ ಹೋಗಬೇಕಾದ್ದು, ಅಪೀಲಿನಲ್ಲಿ ಅಲ್ಲ.

ಶಿಕ್ಷೆ ಮೊದಲು ಮುಗಿಯುತ್ತದೋ, ಅಪೀಲು ಮೊದಲು ಮುಗಿಯುತ್ತದೋ?

ನೋಟಿಸ್ ಹಾಕಿದ ಮೇಲೆ ದಾಖಲೆ ಸಿದ್ಧವಾಗಬೇಕು. ಅದಾಗಿ 40 ದಿನದೊಳಗೆ ನಮ್ಮ ಕಡೆಯ ಬ್ರೀಫ್, ಅಂದರೆ ಲಿಖಿತ ವಾದ. ಆಮೇಲೆ ಸರ್ಕಾರಕ್ಕೆ 30 ದಿನ. ನಮ್ಮ ಮರುತ್ತರಕ್ಕೆ 21 ದಿನ. ಗಡುವು ವಿಸ್ತರಣೆ ಎಲ್ಲ ಸೇರಿ ತೀರ್ಪು ಬರಲು ಹಲವು ತಿಂಗಳು, ಒಮ್ಮೊಮ್ಮೆ ವರ್ಷವೇ ದಾಟುತ್ತದೆ. ಶಿಕ್ಷೆ 10 ತಿಂಗಳದ್ದಾದರೆ? ಅಷ್ಟರಲ್ಲಿ ಜೈಲು ಮುಗಿದು ವಿಮಾನ ಹತ್ತಿಸಿರುತ್ತಾರೆ. ನಿಗಾ ಅವಧಿಯೂ ಬಾಕಿ ಇಲ್ಲದಿದ್ದರೆ ತಿದ್ದಲು ಏನೂ ಉಳಿದಿಲ್ಲ ಎಂದು ಅಪೀಲನ್ನು ವಜಾ ಮಾಡುವ ಸಾಧ್ಯತೆ ದೊಡ್ಡದು. ನಿಗಾ ಅವಧಿ ಬಾಕಿ ಇದ್ದರೆ ಏನಾಗುತ್ತದೆ ಎಂಬಲ್ಲಿ ಸರ್ಕ್ಯೂಟ್‌ಗಳಲ್ಲೇ ಒಮ್ಮತ ಇಲ್ಲ.

ಆದ್ದರಿಂದ ಮೊದಲೇ ಬಿಡುಗಡೆ ದಿನ ಹಾಕಿ ನೋಡಿ. ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಆದರೆ ಒಳ್ಳೆಯ ನಡತೆಗೆ ವರ್ಷಕ್ಕೆ 54 ದಿನದವರೆಗೂ ಕಡಿತ ಸಿಗುತ್ತದೆ. ಸರಿಯಾಗಿ 12 ತಿಂಗಳಾದರೆ ಇಲ್ಲ. ಹಾಗಾಗಿಯೇ ವಕೀಲರು ‘12 ತಿಂಗಳು ಮತ್ತು ಒಂದು ದಿನ’ ಕೊಡಿ ಎಂದು ಕೇಳುವುದು. ಫಸ್ಟ್ ಸ್ಟೆಪ್ ಕಾನೂನಿನ ಹೆಚ್ಚುವರಿ ಕಡಿತ ಮಾತ್ರ ಅಂತಿಮ ಗಡೀಪಾರು ಆದೇಶ ಇರುವವರಿಗೆ ಅನ್ವಯಿಸುವುದಿಲ್ಲ.

ಸಮಯ ಕಡಿಮೆ ಇದ್ದರೆ ಅಪೀಲನ್ನು ಬೇಗ ನಡೆಸಿ ಎಂದು ಅರ್ಜಿ ಹಾಕಿಸಿ. ಕೂಡಿ ಕಳೆಯುವುದರಲ್ಲೇ ಎದ್ದು ಕಾಣುವ ತಪ್ಪಾಗಿದ್ದರೆ ಇನ್ನೂ ಹತ್ತಿರದ ದಾರಿ ಇದೆ. ನಿಯಮ 35(ಎ) ಪ್ರಕಾರ ಶಿಕ್ಷೆಯಾದ 14 ದಿನದೊಳಗೆ ಅದೇ ಜಡ್ಜ್ ತಿದ್ದಬಹುದು. ಆದರೆ ಆ ಅರ್ಜಿ ಹಾಕಿದೆವು ಎಂದು ಅಪೀಲಿನ ಗಡಿಯಾರ ನಿಲ್ಲುವುದಿಲ್ಲ. ಎರಡನ್ನೂ ಒಟ್ಟಿಗೇ ಹಾಕಿ.

ಅಪೀಲು ಹೋದರೆ ಶಿಕ್ಷೆ ಏರುತ್ತದಾ ಎಂಬ ಭಯ ಸಹಜ. ಸರ್ಕಾರ ತಾನೂ ಅಪೀಲು ಹಾಕದಿದ್ದರೆ ಮೇಲಿನ ಕೋರ್ಟು ಶಿಕ್ಷೆ ಹೆಚ್ಚಿಸುವಂತಿಲ್ಲ ಎಂದು 2008ರ ಗ್ರೀನ್‌ಲಾ ತೀರ್ಪು ಹೇಳುತ್ತದೆ. ಕೇಸು ಕೆಳಗೆ ವಾಪಸ್ ಹೋಗಿ ಹೊಸದಾಗಿ ಶಿಕ್ಷೆ ಕೊಡುವಾಗ ಸ್ವಲ್ಪ ಅಪಾಯ ಇದ್ದೇ ಇರುತ್ತದೆ. ಆಗಲೂ ಅಪೀಲು ಹೋದ ಸಿಟ್ಟಿಗೆ ಏರಿಸುವಂತಿಲ್ಲ.

ಮನೆಯವರು ಏನು ಮಾಡಬಹುದು?

ಹಳೇ ಕೇಸುಗಳ ಕಾಗದ ಒಟ್ಟು ಮಾಡಿ: ತೀರ್ಪಿನ ಪ್ರತಿ, ಅಮಾನತಿನ ಆದೇಶ, ಬಿಡುಗಡೆ ದಿನಾಂಕ, ಗಡೀಪಾರು ಆದೇಶ. ಅಪೀಲಿನಲ್ಲಿ ಹೊಸ ದಾಖಲೆ ಸೇರಿಸುವಂತಿಲ್ಲ, ನಿಜ. ಆದರೂ ತಪ್ಪು ಇದೆಯಾ ಎಂದು ವಕೀಲರಿಗೆ ತಿಳಿಯಲು, ಕೇಸು ಕೆಳಗೆ ವಾಪಸ್ ಬಂದರೆ ತೋರಿಸಲು ಅವು ಬೇಕು.

ಜೈಲಿನ ಫೋನಿನಲ್ಲಿ ಕೇಸಿನ ಮಾತು ಆಡಬೇಡಿ. ಎಲ್ಲ ರೆಕಾರ್ಡ್ ಆಗುತ್ತದೆ. ‘ಕನ್ನಡ ಯಾರಿಗೆ ಅರ್ಥ ಆಗುತ್ತೆ ಬಿಡಿ’ ಎಂದುಕೊಂಡು ಯಾವಾಗ ದಾಟಿದರು, ಯಾರು ದಾಟಿಸಿದರು ಎಂದೆಲ್ಲ ಕೇಳಿದರೆ ನೀವೇ ಸಾಕ್ಷ್ಯ ಕೊಟ್ಟ ಹಾಗೆ. ಊಟ ಆಯ್ತಾ, ಆರೋಗ್ಯ ಹೇಗಿದೆ, ವಕೀಲರು ಬಂದಿದ್ರಾ, ಇಷ್ಟಕ್ಕೆ ನಿಲ್ಲಿಸಿ.

ವಿಯೆನ್ನಾ ಒಪ್ಪಂದದ ಪ್ರಕಾರ ಬಂಧಿತರು ಕೇಳಿಕೊಂಡರೆ ಭಾರತದ ಕಾನ್ಸುಲೇಟ್‌ಗೆ ತಿಳಿಸಬೇಕು. ಅವರು ಕೇಸು ಗೆಲ್ಲಿಸಿಕೊಡುವುದಿಲ್ಲ. ಸಂಪರ್ಕ ತಪ್ಪಿಹೋದಾಗ ಮಾತ್ರ ಉಪಯೋಗಕ್ಕೆ ಬರುತ್ತಾರೆ.

ವಕೀಲರು ‘ಇದರಲ್ಲಿ ವಾದಿಸಲು ಏನೂ ಇಲ್ಲ’ ಎಂದು ಆಂಡರ್ಸ್ ಬ್ರೀಫ್ ಹಾಕಿ ಹಿಂದೆ ಸರಿಯಲು ಕೇಳಬಹುದು. ಆಗ ಒಳಗಿರುವವರಿಗೆ ಕೋರ್ಟಿನಿಂದ ಪತ್ರ ಬರುತ್ತದೆ. ಉತ್ತರ ಬರೆಯಲು ಅವಕಾಶ ಇರುತ್ತದೆ. ಆ ಪತ್ರವನ್ನು ಮಡಚಿಟ್ಟು ಸುಮ್ಮನಾಗುವುದು ಬೇಡ.

ತೀರ್ಪು ಬಂದ ಮೇಲೆ

ಗೆದ್ದರೆ ಸಾಮಾನ್ಯವಾಗಿ ಹೊಸ ಶಿಕ್ಷೆಗಾಗಿ ಕೇಸು ಕೆಳಗಿನ ಕೋರ್ಟಿಗೆ ಹೋಗುತ್ತದೆ. ಸೋತರೆ ಮರುಪರಿಶೀಲನೆಗೆ 14 ದಿನ, ಸುಪ್ರೀಂ ಕೋರ್ಟಿಗೆ 90 ದಿನ. ಅದೂ ಮುಗಿದ ಮೇಲೆ, ವಕೀಲರ ತಪ್ಪಿನಿಂದ ಅನ್ಯಾಯವಾಗಿದ್ದರೆ ಸೆಕ್ಷನ್ 2255ರ ಅರ್ಜಿ. ಅದಕ್ಕೆ ತೀರ್ಪು ಅಂತಿಮವಾದಲ್ಲಿಂದ ಒಂದು ವರ್ಷ. ನೋಟಿಸ್ ಹಾಕಿ ಎಂದರೂ ವಕೀಲರು ಹಾಕಲಿಲ್ಲ ಎಂಬ ದೂರು ಹೋಗಬೇಕಾದ್ದು ಇಲ್ಲಿಗೇ. ಅರ್ಜಿ ಹಾಕುವಾಗ ಕಸ್ಟಡಿಯಲ್ಲಿರಬೇಕು, ನಿಗಾ ಅವಧಿಯೂ ಕಸ್ಟಡಿ ಲೆಕ್ಕವೇ.

ಶಿಕ್ಷೆ ಇಳಿದರೂ ಗಡೀಪಾರು ನಿಲ್ಲುವುದಿಲ್ಲ. ಹಳೇ ಆದೇಶವನ್ನೇ ಮತ್ತೆ ಜಾರಿ ಮಾಡುತ್ತಾರೆ. ಊರಿಗೆ ಹೋದರೆ ಜೀವಕ್ಕೆ ಅಪಾಯ ಎಂಬ ನಿಜವಾದ ಭಯ ಇದ್ದರೆ ಅದನ್ನು ಆಗ ಇಮಿಗ್ರೇಷನ್ ಅಧಿಕಾರಿಗೆ ಬಾಯಿ ಬಿಟ್ಟು ಹೇಳಬೇಕು, ಅದಕ್ಕೆ ಬೇರೆ ಸಂದರ್ಶನ ಇದೆ. ಅಪೀಲು ಬಾಕಿ ಇರುವಾಗಲೇ ವಾಪಸ್ ಕಳಿಸಿದರೆ ಊರಿನ ವಿಳಾಸ, ಫೋನ್ ನಂಬರನ್ನು ವಕೀಲರಿಗೆ ಕೊಟ್ಟಿರಬೇಕು. ಅಪೀಲು ಗೆದ್ದು ಹೊಸ ಶಿಕ್ಷೆಯ ದಿನ ನಿಗದಿಯಾಯಿತು, ಕೋರ್ಟಿಗೆ ಹಾಜರಾಗಬೇಕು ಎಂದುಕೊಂಡು ಅನುಮತಿ ಇಲ್ಲದೆ ಹೊರಟರೆ ಅದೇ ಇನ್ನೊಂದು 1326. ಅಂಥ ದಿನ ಬಂದರೆ ಇಲ್ಲಿಂದ ಹೊರಡದೆ, ಏನು ಮಾಡಬೇಕು ಎಂದು ವಕೀಲರಿಂದಲೇ ಬರಹದಲ್ಲಿ ಕೇಳಿಸಿಕೊಳ್ಳಿ.